ಕಬ್ಬಿನ ಲಾರಿ ದಾಟುವ ಹೊತ್ತು: ಹಳೆಯ ಆರಾಮದ ಕಾರಿಗೆ ದೊಡ್ಡ ಎಂಜಿನ್

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ, ಗೆಳೆಯರೊಬ್ಬರ ಮಷಿನ್ ಶಾಪಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪವಿದು. ಅಂದು ಬಾಯಿಲೆಕ್ಕದಲ್ಲಿ ಹೇಳಿದ್ದನ್ನು ಇಲ್ಲಿ ಕಾಗದದ ಮೇಲೆ ಮತ್ತೊಮ್ಮೆ ಮಾಡಿ ನೋಡಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಹತ್ತಿರ ಹಳೆಯ ಕಾರು ತಗೊಂಡು ಬರುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. "ಗಾಡಿ ಭಾಳ ಆರಾಮ ಐತ್ರಿ, ಆದ್ರ ಪಿಕಪ್ ಇಲ್ಲ. ದೊಡ್ಡ ಎಂಜಿನ್ ಕೂಡಿಸಬಹುದೇನ್ರಿ?" ಇದರಲ್ಲಿ ಎರಡು ಮಾತಿವೆ. ಗಾಡಿ ಆರಾಮ ಇದೆ ಎನ್ನುವುದು ಮೊದಲನೆಯದು, ಪಿಕಪ್ ಇಲ್ಲ ಎನ್ನುವುದು ಎರಡನೆಯದು. ಎಂಜಿನ್ ಬದಲಿಸುವ ಹುರುಪಿನಲ್ಲಿ ಎಲ್ಲರೂ ಎರಡನೆಯ ಮಾತಿನ ಹಿಂದೆ ಓಡುತ್ತಾರೆ. ಕೆಲಸ ಮುಗಿದು ಗಾಡಿ ಹೊರಗೆ ಬಂದ ಮೇಲೆ ನೋಡಿದರೆ ಪಿಕಪ್ ಬಂದಿರುತ್ತದೆ, ಆರಾಮ ಹೋಗಿರುತ್ತದೆ. ಮನೆಯವರು ಆ ಗಾಡಿಯಲ್ಲಿ ಕೂರುವುದನ್ನು ಬಿಡುತ್ತಾರೆ. ಒಂದು ವರ್ಷಕ್ಕೆ ಅದು ತಾಡಪತ್ರಿ ಹೊದ್ದು ಗೋಡೆ ಪಕ್ಕ ನಿಲ್ಲುತ್ತದೆ. ಹಾಗೆ ನಿಂತ ಗಾಡಿಗಳನ್ನು ನಾನು ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟವಾಗಿದೆ. ಅದಕ್ಕೇ ಇವತ್ತು ಮೊದಲ ಮಾತನ್ನು ಹಿಡಿದುಕೊಂಡೇ ಎರಡನೆಯದರ ಬಗ್ಗೆ ಮಾತಾಡುತ್ತೇನೆ.

ನನ್ನ ಕಾರು ಅಪ್ಪ ತಗೊಂಡ 1997ರ ಮಾರುತಿ ಎಸ್ಟೀಮ್. ಕಾರ್ಬುರೇಟರ್ ಗಾಡಿ, 1298 ಸಿಸಿ, 65 ಬಿಎಚ್‌ಪಿ. ತೂಕ 900 ಕಿಲೋಗೂ ಕಡಿಮೆ. ಸೀಟು ತಗ್ಗು, ಕಿಟಕಿ ದೊಡ್ಡವು, ಸಸ್ಪೆನ್ಷನ್ ಮೆತ್ತಗೆ. ಅಥಣಿಯ ಕಡೆ ನಮ್ಮ ಬೀಗರ ಮನೆಗೆ ಹೋಗುವಾಗ ಅವ್ವ ಹಿಂದಿನ ಸೀಟಿನಲ್ಲಿ ಸಂಕೇಶ್ವರ ದಾಟುವುದರೊಳಗೆ ನಿದ್ದೆ ಹೋಗುತ್ತಿದ್ದಳು. ಅವ್ವನ ಆ ನಿದ್ದೆಯೇ ನನಗೆ ಅಳತೆಗೋಲು. 2012ರಲ್ಲಿ ಆ ಗಾಡಿಗೆ ಬೆಲೆನೋದ 1.6 ಲೀಟರ್ ಎಂಜಿನ್ ಕೂಡಿಸಿದೆ. ಈಗಿನ ಹ್ಯಾಚ್‌ಬ್ಯಾಕ್ ಅಲ್ಲ, 1999ರಿಂದ ಇಲ್ಲಿ ಮಾರಾಟವಾದ ಹಳೆಯ ಸೆಡಾನ್ ಬೆಲೆನೋ. 94 ಬಿಎಚ್‌ಪಿಯ 16 ವಾಲ್ವ್ ಎಂಜಿನ್. ಇವತ್ತಿಗೂ ಅದೇ ಗಾಡಿಯಲ್ಲಿ ದಿನಾ ಓಡಾಡುತ್ತೇನೆ, ಇಲ್ಲಿಗೂ ಅದರಲ್ಲೇ ಬಂದಿದ್ದೇನೆ.

ವೇಗ ಎಂದರೆ ಏನು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳೋಣ. ದಿನದ ಕಾರಿಗೆ ಗಂಟೆಗೆ 180 ಕಿಲೋಮೀಟರ್ ಹೋಗುವುದು ವೇಗವಲ್ಲ. ನಮ್ಮ ಜಿಲ್ಲೆಯಲ್ಲಿ ವೇಗ ಅಂದರೆ ಕಬ್ಬಿನ ಲಾರಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಗೋಕಾಕ, ರಾಯಬಾಗ, ಅಥಣಿ, ಆ ಕಡೆ ಮುಧೋಳ, ಜಮಖಂಡಿ, ಯಾವ ರಸ್ತೆಗೆ ಹೋದರೂ ಮುಂದೆ ಕಬ್ಬು ಇರುತ್ತದೆ. ಲಾರಿ 50ರಲ್ಲಿ ಹೋಗುತ್ತಿದೆ, ಎರಡೂ ಬದಿಗೆ ಕಬ್ಬು ಹೊರಚಾಚಿದೆ, ಹಿಂದೆ ಲೈಟ್ ಕಾಣುವುದಿಲ್ಲ. ನಾಲ್ಕು ಜನ, ಲಗೇಜು, ಎಸಿ. ನಿಮಗೆ 50ರಿಂದ 80ಕ್ಕೆ ಏರಿ ಅದನ್ನು ದಾಟಬೇಕು. ಆ ಹೊತ್ತು ಎಷ್ಟು, ಅದೇ ವೇಗ.

ಲೆಕ್ಕ ಮಾಡೋಣ. ಜನ, ಲಗೇಜು ಸೇರಿ ಗಾಡಿ 1200 ಕಿಲೋ ಎಂದಿಟ್ಟುಕೊಳ್ಳಿ. 50ರಿಂದ 80ಕ್ಕೆ ಒಯ್ಯಲು ಸುಮಾರು 180 ಕಿಲೋಜೌಲ್ ಶಕ್ತಿ ಬೇಕು. ಎಂಜಿನ್ನಿನ ಕಿಲೋವ್ಯಾಟ್ ತಿಳಿಯಲು ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಆರ್‌ಪಿಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದರಿಂದ, ಗುಣಿಸಿ 9549ರಿಂದ ಭಾಗಿಸಿದರೆ ಆಯಿತು. ನಾಲ್ಕನೇ ಗೇರಿನಲ್ಲಿ, 2500 ಆರ್‌ಪಿಎಂ ಆಸುಪಾಸಿನಲ್ಲಿ ನನ್ನ ಹಳೆಯ ಎಂಜಿನ್ 100 ನ್ಯೂಟನ್ ಮೀಟರ್ ಹತ್ತಿರ ಕೊಡುತ್ತದೆ ಎಂದರೆ ಅದು 26 ಕಿಲೋವ್ಯಾಟ್. ಅದರಲ್ಲಿ ಎಸಿಗೆ ಮೂರು, ಗೇರ್‌ಬಾಕ್ಸಿನಲ್ಲಿ ಎರಡು ಮೂರು, ಗಾಳಿ ಮತ್ತು ಟೈರಿನ ಎಳೆತಕ್ಕೆ ಐದು ಹೋಗುತ್ತದೆ. ಗಾಡಿಯನ್ನು ಮುಂದೆ ತಳ್ಳಲು ಉಳಿಯುವುದು ಹದಿನೈದು ಹದಿನಾರು. 180ನ್ನು ಅದರಿಂದ ಭಾಗಿಸಿ: ಹನ್ನೊಂದೂವರೆ ಸೆಕೆಂಡು. ಸೆಕೆಂಡಿಗೆ 18 ಮೀಟರ್‌ನಂತೆ 200 ಮೀಟರ್‌ಗೂ ಹೆಚ್ಚು ದೂರ ನೀವು ಎದುರು ಬದಿಯಲ್ಲಿ ಇರುತ್ತೀರಿ.

ಅದೇ ನಾಲ್ಕನೇ ಗೇರಿನಲ್ಲಿ 1.6 ಎಂಜಿನ್ 120 ನ್ಯೂಟನ್ ಮೀಟರ್ ಕೊಟ್ಟರೆ ಒಂಬತ್ತು ಸೆಕೆಂಡು. ಒಳ್ಳೆಯದೇ. ಆದರೆ ಹಳೆಯ ಎಂಜಿನ್ನಿನಲ್ಲೇ ಮೂರನೇ ಗೇರಿಗೆ ಇಳಿಸಿ, 3600 ಆರ್‌ಪಿಎಂ ಆಸುಪಾಸಿನಲ್ಲಿ ಎಳೆದರೆ? ಏಳು ಸೆಕೆಂಡು! ಒಂದು ಪೈಸೆ ಖರ್ಚಿಲ್ಲದೆ, ಸ್ಪ್ಯಾನರ್ ಮುಟ್ಟದೆ, ದೊಡ್ಡ ಎಂಜಿನ್ನಿಗಿಂತ ಎರಡು ಸೆಕೆಂಡು ಬೇಗ. ಈ ಲೆಕ್ಕ ಮೊದಲ ಸಲ ಮಾಡಿದಾಗ ನಾನೇ ಸುಮ್ಮನೆ ಕೂತುಬಿಟ್ಟೆ. ಎಂಜಿನ್ ಬದಲಿಸಬೇಕೆಂದು ಬಂದವರನ್ನು ಅದಕ್ಕೇ ನಾನು ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಅವರದೇ ಗಾಡಿಯಲ್ಲಿ ಒಂದು ಸುತ್ತು ಹೋಗುತ್ತೇನೆ. ಅವರಲ್ಲಿ ಅರ್ಧದಷ್ಟು ಜನ ಗೇರ್ ಇಳಿಸುವುದೇ ಇಲ್ಲ. ಎಂಜಿನ್ ಕೂಗಿದರೆ ಕೆಡುತ್ತದೆ ಎಂಬ ಹೆದರಿಕೆ. 6000 ಆರ್‌ಪಿಎಂವರೆಗೆ ತಿರುಗಲು ಕಟ್ಟಿದ ಎಂಜಿನ್ 4000ಕ್ಕೆ ಕೆಡುವುದಿಲ್ಲ.

ಹಾಗಾದರೆ ದೊಡ್ಡ ಎಂಜಿನ್ ಕೊಡುವುದೇನು? ಮೂರನೇ ಗೇರಿನಲ್ಲಿ 1.6 ಎಂಜಿನ್ ಅದೇ ಕೆಲಸವನ್ನು ಐದು ಸೆಕೆಂಡಿನಲ್ಲಿ ಮಾಡುತ್ತದೆ. ಏಳಕ್ಕೂ ಐದಕ್ಕೂ ನಡುವಿನ ಎರಡು ಸೆಕೆಂಡು ಅಂದರೆ 36 ಮೀಟರ್. ಎದುರಿನಿಂದ ಬರುವವನೂ ಅಷ್ಟೇ ದೂರ ಬಂದಿರುತ್ತಾನೆ ಅಂದುಕೊಂಡರೆ 70 ಮೀಟರ್ ಉಳಿಯಿತು. ಅದು ಸಣ್ಣ ಮಾತಲ್ಲ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಪ್ರತಿ ಸಲ ಗೇರ್ ಇಳಿಸಿ ಎಂಜಿನ್ ಕೂಗಿಸಬೇಕಾಗಿಲ್ಲ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಇಳಿದು, ಗೋವಾದಿಂದ ವಾಪಸ್ ಏರುವಾಗ ಐದು ಜನರನ್ನು ಎಸಿ ಹಾಕಿಕೊಂಡೇ ಮೂರನೇ ಗೇರಿನಲ್ಲಿ ಎಳೆಯುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಕರಾವಳಿಗಿಂತ ಏಳೆಂಟು ಪ್ರತಿಶತ ತೆಳು. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಸಣ್ಣ ಎಂಜಿನ್ನಿಗೆ ಅದು ನೋಯುತ್ತದೆ, ದೊಡ್ಡದಕ್ಕೆ ಗೊತ್ತಾಗುವುದಿಲ್ಲ. ಅಂದರೆ ನಾನು ದೊಡ್ಡ ಎಂಜಿನ್ ಹಾಕಿದ್ದು ಆರಾಮಕ್ಕೆ. ಆರಾಮದ ಗಾಡಿಯನ್ನು ಇನ್ನೂ ಆರಾಮ ಮಾಡಲಿಕ್ಕೆ.

ಈಗ ಯಾವ ಎಂಜಿನ್ ಎಂಬ ಪ್ರಶ್ನೆ. ನನ್ನ ಮಾತು ಒಂದೇ: ಆ ಗಾಡಿಯ ಮನೆತನ ನೋಡಿ. ಸಂಬಂಧ ಹುಡುಕುವಾಗ ಹೇಗೋ ಹಾಗೆ. ಎಸ್ಟೀಮ್‌ನ ಮನೆತನ ಎಷ್ಟು ಚಂದ ಇದೆ ಎಂದರೆ, ಆ ಗಾಡಿಯೇ ಎಂಜಿನ್ ಬದಲಾವಣೆಯಿಂದ ಹುಟ್ಟಿದ್ದು. 1990ರಲ್ಲಿ ಮಾರುತಿ 1000 ಎಂದು ಬಂತಲ್ಲ, ಅದೇ ದೇಹ. ಒಳಗೆ 970 ಸಿಸಿ, 46 ಬಿಎಚ್‌ಪಿ. ನೋಡಲು ಸಾಹೇಬರ ಗಾಡಿ, ಏರಿನಲ್ಲಿ ಬಡಪಾಯಿ. 1994ರಲ್ಲಿ ಕಂಪನಿಯವರೇ ಅದರಲ್ಲಿ 1.3 ಲೀಟರ್ ಎಂಜಿನ್ ಇಟ್ಟು ಎಸ್ಟೀಮ್ ಎಂದು ಕರೆದರು. ಮುಂದೆ ಅದಕ್ಕೇ 16 ವಾಲ್ವ್, ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂದು 85 ಬಿಎಚ್‌ಪಿ ಆಯಿತು. ಜಪಾನಿನಲ್ಲಿ ಸುಜುಕಿಯವರು ಕಲ್ಟಸ್ ಹೆಸರಿನಲ್ಲಿ ಮಾರಿದ ಇದೇ ಸೆಡಾನಿಗೆ 1.6 ಲೀಟರ್ ಎಂಜಿನ್ನೂ ಇತ್ತು. ಅಂದರೆ ಈ ದೇಹವನ್ನು ಕಟ್ಟಿದವರೇ ಇದರೊಳಗೆ 1.6 ಕೂರುತ್ತದೆ ಎಂದು ಒಪ್ಪಿದ್ದರು.

1.3 ಮತ್ತು 1.6 ಎರಡೂ ಸುಜುಕಿಯ ಜಿ ಕುಟುಂಬದವು. 1.3ರ ಬೋರ್, ಅಂದರೆ ಸಿಲಿಂಡರಿನ ಅಗಲ, 74 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ಉದ್ದ, 75.5. 1.6ರ ಬೋರ್ 75, ಸ್ಟ್ರೋಕ್ 90. ಬೋರ್ ಒಂದೇ ಮಿಲಿಮೀಟರ್ ದೊಡ್ಡದು, ಸ್ಟ್ರೋಕ್ ಹದಿನಾಲ್ಕೂವರೆ ಉದ್ದ. ಅದಕ್ಕೇ ಬ್ಲಾಕ್ ಎತ್ತರ, ಅದಕ್ಕೇ ಕೆಳಗಿನ ಆರ್‌ಪಿಎಂನಲ್ಲೇ ಎಳೆತ. ಗೇರ್‌ಬಾಕ್ಸ್ ಜೋಡಿಸುವ ಬೋಲ್ಟುಗಳ ಜಾಗ ಮಾತ್ರ ಬದಲಾಗಿಲ್ಲ. ಹೊರದೇಶಗಳಲ್ಲಿ ನಮ್ಮ ಮಾರುತಿ ಜಿಪ್ಸಿ ಜೀಪಿನ ಅಣ್ಣತಮ್ಮಂದಿರಿಗೆ ಸುಜುಕಿಯದೇ ವಿಟಾರಾದ 1.6 ಕೂಡಿಸುವುದು ಹಳೆಯ ರೂಢಿಯಾಗಿದ್ದೂ ಇದೇ ಕಾರಣಕ್ಕೆ.

ನಮ್ಮ ದೇಶದ ಕಾರ್ಖಾನೆಗಳೇ ಈ ಕೆಲಸ ಮಾಡಿವೆ ಎಂಬುದನ್ನು ನೆನಪಿಸಬೇಕು. ಹಿಂದೂಸ್ತಾನ್ ಮೋಟರ್ಸ್‌ನವರು ಕಾಂಟೆಸ್ಸಾವನ್ನು ಮೊದಲು ಅಂಬಾಸಿಡರ್‌ನ 1489 ಸಿಸಿ, 50 ಬಿಎಚ್‌ಪಿಯ ಎಂಜಿನ್ನಿನಿಂದಲೇ ಓಡಿಸಿದರು. ಅಷ್ಟು ದೊಡ್ಡ ದೇಹಕ್ಕೆ ಅದು ಸಾಲಲೇ ಇಲ್ಲ. ಮುಂದೆ ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರ್ ಬಂದಾಗ ಅದೇ ಗಾಡಿ ಬೇರೆಯೇ ಆಯಿತು. 1990ರ ದಶಕದಲ್ಲಿ ಅಂಬಾಸಿಡರ್‌ಗೂ ಆ ಎಂಜಿನ್ ಸಿಕ್ಕಿತು. ಪ್ರೀಮಿಯರ್ 118 ಎನ್‌ಇ ಎಂಬ ಹೆಸರಿನಲ್ಲೇ ಕಥೆ ಇದೆ: ಫಿಯೆಟ್ 124ರ ದೇಹ, ನಿಸಾನ್ನಿನ 1171 ಸಿಸಿ ಎಂಜಿನ್. ಎನ್‌ಇ ಅಂದರೆ ನಿಸಾನ್ ಎಂಜಿನ್.

ಉಲ್ಟಾ ಉದಾಹರಣೆಯೂ ಒಂದಿದೆ, ಅದನ್ನು ಹೇಳದಿದ್ದರೆ ಕಥೆ ಅರ್ಧ. 1985ರ ಸುಮಾರಿಗೆ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ 2000 ತಯಾರಾಯಿತು. ದೇಹ ಬ್ರಿಟನ್ನಿನ ರೋವರ್ ಎಸ್‌ಡಿ1. ಅಲ್ಲಿ ಅದಕ್ಕೆ ಎಂಟು ಸಿಲಿಂಡರ್ ಎಂಜಿನ್ ಕೂಡ ಇತ್ತು. ಇಲ್ಲಿ ಒಳಗೆ ಇಟ್ಟಿದ್ದು 1940ರ ದಶಕದ ವ್ಯಾನ್‌ಗಾರ್ಡ್ ಕಾರಿನ ಮೂಲದ 1991 ಸಿಸಿ ಎಂಜಿನ್. ದೇಹ ಒಂದು ಯುಗದ್ದು, ಎದೆ ಇನ್ನೊಂದು ಯುಗದ್ದು. ಮೂರ್ನಾಲ್ಕು ವರ್ಷದಲ್ಲಿ ನಿಂತುಹೋಯಿತು.

ಎಂಜಿನ್ ತರುವ ವಿಷಯ. ಮುಂಬೈಯ ಕುರ್ಲಾದಲ್ಲೋ ಬೆಂಗಳೂರಿನ ಶಿವಾಜಿನಗರದಲ್ಲೋ ನೆಲದ ಮೇಲೆ ಇಟ್ಟ ಬರೀ ಎಂಜಿನ್ ತರಬೇಡಿ. ಪೂರ್ತಿ ಗಾಡಿ ತಗೊಳ್ಳಿ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯಾದರೆ ಉತ್ತಮ, ಎಂಜಿನ್ ಬದಿ ಸರಿಯಿರುತ್ತದೆ. ಸ್ಟಾರ್ಟ್ ಮಾಡಿ ನೋಡಬಹುದು, ಕಂಪ್ರೆಷನ್, ಅಂದರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬುದನ್ನು, ಅಳೆಯಬಹುದು, ಓಡಿಸಿ ಗೇರ್ ನೋಡಬಹುದು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ವೈರಿಂಗ್, ಡ್ರೈವ್ ಶಾಫ್ಟ್, ಮೌಂಟ್, ರೇಡಿಯೇಟರ್, ಇಂಧನದ ಪಂಪು, ಸೈಲೆನ್ಸರಿನ ಮುಂಭಾಗ, ಸೆನ್ಸಾರಿನ ಸಣ್ಣ ಸಣ್ಣ ಕ್ಲಿಪ್ಪು ಎಲ್ಲ ಜೊತೆಗೇ ಬರುತ್ತವೆ. ಎರಡು ರೂಪಾಯಿ ಬೆಲೆಯ ಒಂದು ಕ್ಲಿಪ್ಪಿಗಾಗಿ ನಾನು ಎರಡು ವಾರ ಕಾದಿದ್ದೇನೆ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುವ ಗಾಡಿಯಾದರೆ ಚಾವಿ, ಇಸಿಯು, ಚಾವಿ ಸುತ್ತಲಿನ ಉಂಗುರ ಮೂರೂ ಒಂದೇ ಗಾಡಿಯವು ಇರಬೇಕು. ಇಲ್ಲದಿದ್ದರೆ ಎಂಜಿನ್ ಎಷ್ಟೇ ಚಂದ ಇದ್ದರೂ ಹತ್ತುವುದಿಲ್ಲ. ಖರ್ಚಿನ ಬಗ್ಗೆ ಒಂದೇ ಮಾತು: ನನಗೆ ಎಂಜಿನ್ನಿಗೆ ಎಷ್ಟು ಬಿತ್ತೋ ಅದರ ಮೂರು ಪಟ್ಟು ಒಟ್ಟು ಬಿತ್ತು.

ಎಂಜಿನ್ ಹೊರಗೆ ಇರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕಿನ ಮುಂದಿನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಹೊಸದು ಹಾಕಿಬಿಡಿ. ಒಳಗೆ ಕೂತ ಮೇಲೆ ಸೀಲ್ ಸೋರಿದರೆ ಮತ್ತೆ ಎಲ್ಲ ಇಳಿಸಬೇಕು.

ಈಗ ಮೌಂಟ್, ಅಂದರೆ ಎಂಜಿನ್ನನ್ನು ಗಾಡಿಯ ದೇಹಕ್ಕೆ ಹಿಡಿದಿಡುವ ಆಸರೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಇಲ್ಲಿ ಕೂತವರಲ್ಲಿ ಬಹಳ ಜನ ಎರಕದ ಕೆಲಸದವರು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇದೇ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟವರು, ಮುಂದೆ ಕಬ್ಬಿಣದ ನೇಗಿಲು ಮಾಡಿದವರು. ಅಂದಿನಿಂದ ಈ ಊರಿನ ಕೈಗೆ ಕಬ್ಬಿಣದ ರುಚಿ ಹತ್ತಿದೆ. ಫೌಂಡ್ರಿ, ಲೇತ್, ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗ್, ಎಲ್ಲ ಎರಡು ಕಿಲೋಮೀಟರ್ ಒಳಗೆ. ಎಂಜಿನ್ ಬದಲಿಸುವವನಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ.

ನನ್ನ ಗಾಡಿಯಲ್ಲಿ ಗೇರ್‌ಬಾಕ್ಸ್ ಬದಿಯ ಮೌಂಟ್ ಸುಲಭವಾಗಿ ಕೂತಿತು. ಟೈಮಿಂಗ್ ಬೆಲ್ಟ್ ಬದಿಗೆ ಹೊಸ ಬ್ರಾಕೆಟ್ ಬೇಕಾಯಿತು. ಮೊದಲು ಎಂಟು ಮಿಲಿಮೀಟರ್ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿಸಿದೆ. ನೋಡಲು ಗಟ್ಟಿಮುಟ್ಟು. ನಾಲ್ಕು ತಿಂಗಳಿಗೆ ಬಿರುಕು ಬಿಟ್ಟಿತು. ಬಿರುಕು ಬೆಸುಗೆಯಲ್ಲಿ ಇರಲಿಲ್ಲ, ಬೆಸುಗೆಯ ಪಕ್ಕದಲ್ಲಿತ್ತು, ಕಾಯ್ದು ಗುಣ ಬದಲಾದ ಲೋಹದಲ್ಲಿ. ಎರಡನೇ ಸಲ ಎರಕ ಹೊಯ್ಯಿಸಿದೆ. ಅವಸರದಲ್ಲಿ ಒಂದು ಕಡೆ ಸಾದಾ ಗ್ರೇ ಐರನ್‌ನಲ್ಲಿ ಹೊಯ್ದುಕೊಟ್ಟರು. ಅದೂ ಒಡೆಯಿತು, ಈ ಸಲ ಚಟ್ ಅಂತ ಒಂದೇ ಏಟಿಗೆ, ಖಾನಾಪುರ ರಸ್ತೆಯ ಒಂದು ಹಂಪಿನ ಮೇಲೆ. ಒಡೆದ ತುಂಡು ತಗೊಂಡು ಹಿರಿಯ ಎರಕದವರೊಬ್ಬರ ಹತ್ತಿರ ಹೋದೆ. ಅವರು ಒಡೆದ ಮುಖದ ಮೇಲೆ ಹೆಬ್ಬೆರಳು ಆಡಿಸಿ, ಕಪ್ಪು ಹತ್ತಿದ ಬೆರಳು ನನಗೆ ತೋರಿಸಿದರು. "ಗ್ರಾಫೈಟ್ ನೋಡಪಾ. ಎಲಿ ಎಲಿ ಆಗಿ ಕುಂತೈತಿ. ಒಂದೊಂದು ಎಲಿನೂ ಒಂದೊಂದು ಸೀಳು ಇದ್ದಂಗ." ಗ್ರೇ ಐರನ್‌ನಲ್ಲಿ ಇಂಗಾಲ ತೆಳು ಪದರಗಳಾಗಿ ಕೂರುತ್ತದೆ. ಒತ್ತಡವನ್ನು ತಾಳುತ್ತದೆ, ಅಲುಗಾಟವನ್ನೂ ಹೀರುತ್ತದೆ, ಅದಕ್ಕೇ ಮಷಿನ್ ಬೆಡ್ಡಿಗೆ ಒಳ್ಳೆಯದು. ಎಳೆತ, ಹೊಡೆತ ಬಂದರೆ ಆ ಪದರದ ಅಂಚಿನಿಂದ ಬಿರುಕು ಹೊರಡುತ್ತದೆ. ಕರಗಿದ ಕಬ್ಬಿಣಕ್ಕೆ ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಅದೇ ಇಂಗಾಲ ಗುಂಡುಗುಂಡಾಗಿ ಕೂರುತ್ತದೆ. ಅದೇ ಎಸ್‌ಜಿ ಐರನ್. 1948ರಲ್ಲಿ ಜಗತ್ತಿಗೆ ತಿಳಿದ ಈ ವಿದ್ಯೆ ಇವತ್ತು ಉದ್ಯಮಬಾಗದ ಹುಡುಗರಿಗೆ ನೀರು ಕುಡಿದಷ್ಟು ಸಲೀಸು. ಆ ಹಿರಿಯರೇ ಮರದ ಪ್ಯಾಟರ್ನ್ ತಿದ್ದಿ, ಮೂಲೆಗಳಿಗೆಲ್ಲ ದುಂಡು ಕೊಟ್ಟು, ಎಸ್‌ಜಿಯಲ್ಲಿ ಹೊಯ್ದುಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಆ ಬ್ರಾಕೆಟ್ ಈಗಲೂ ಗಾಡಿಯಲ್ಲಿದೆ.

ಎತ್ತರವೂ ಮುಖ್ಯ. ಮೊದಲ ಸಲ ನಾನು ಎಂಜಿನ್ನನ್ನು ಐದಾರು ಮಿಲಿಮೀಟರ್ ಓರೆಯಾಗಿ ಕೂರಿಸಿದ್ದೆ. ಊರಲ್ಲಿ ಗೊತ್ತಾಗಲಿಲ್ಲ. ಹೆದ್ದಾರಿಯಲ್ಲಿ 90 ದಾಟಿದರೆ ಪಾದಕ್ಕೆ ಜುಮ್ಮೆನ್ನುವ ನಡುಕ. ಟೈರ್ ಬ್ಯಾಲೆನ್ಸ್ ಮಾಡಿಸಿದೆ, ರಿಮ್ ಬದಲಿಸಿದೆ, ಏನೂ ಆಗಲಿಲ್ಲ. ತಪ್ಪಿದ್ದದ್ದು ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಕೋನದಲ್ಲಿ. ಒಳಗಿನ ಜಾಯಿಂಟ್ ತನಗೆ ಒಗ್ಗದ ಓರೆಯಲ್ಲಿ ತಿರುಗುತ್ತಿತ್ತು. ಒಂದು ವಾಷರ್ ದಪ್ಪದಷ್ಟು ಪ್ಯಾಕಿಂಗ್ ಕೊಟ್ಟ ಮೇಲೆ ನಿಂತಿತು. ಇನ್ನೊಂದು ವಿನಂತಿ: ರಬ್ಬರ್ ಮೌಂಟ್ ತೆಗೆದು ಗಟ್ಟಿ ಪಾಲಿಯುರೆಥೇನ್ ಹಾಕಬೇಡಿ. ರೇಸಿನ ಗಾಡಿಗೆ ಅದು ಸರಿ. ದಿನದ ಗಾಡಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಡ್ಯಾಶ್‌ಬೋರ್ಡ್ ಗಿಜಿಗುಡುತ್ತದೆ, ಸ್ಟೀರಿಂಗ್ ನಡುಗುತ್ತದೆ. ಹೊಸ ರಬ್ಬರ್ ಹಾಕಿ. ಸೈಲೆನ್ಸರ್ ಕೂಡ ಎಂಜಿನ್ ಕೊಟ್ಟ ದಾನಿ ಗಾಡಿಯ ಅಳತೆಯದೇ ಇರಲಿ, ಮಧ್ಯದ ಬಾಕ್ಸ್ ತೆಗೆಯಬೇಡಿ. 2500 ಆರ್‌ಪಿಎಂನಲ್ಲಿ ಗುಂಯ್‌ಗುಡುವ ಪೈಪಿನ ಜೊತೆ ಹುಬ್ಬಳ್ಳಿಗೆ ಹೋಗಿಬಂದರೆ ಸಂಜೆ ತಲೆ ಒಡೆಯುತ್ತದೆ.

ಕಾರ್ಬುರೇಟರ್ ಗಾಡಿಗೆ ಎಂಪಿಎಫ್‌ಐ ಎಂಜಿನ್ ಹಾಕುವಾಗ ಪೆಟ್ರೋಲ್ ದಾರಿಯನ್ನೇ ಹೊಸದಾಗಿ ಕಟ್ಟಬೇಕು. ಕಾರ್ಬುರೇಟರಿಗೆ ಕಾಲು ಬಾರ್ ಒತ್ತಡ ಸಾಕು, ಇಂಜೆಕ್ಟರಿಗೆ ಎರಡೂವರೆ ಮೂರು ಬಾರ್ ಬೇಕು. ಹತ್ತು ಪಟ್ಟು ಹೆಚ್ಚು. ಹಳೆಯ ಪೈಪು, ಹಳೆಯ ಕ್ಲಿಪ್ಪು ಅದನ್ನು ತಡೆಯುವುದಿಲ್ಲ. ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಟ್ಯಾಂಕಿನೊಳಗೆ ಪಂಪು, ಹೆಚ್ಚಿನ ಒತ್ತಡದ ಪೈಪು, ವಾಪಸ್ ಬರುವ ಲೈನು. ಇಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡಿ.

ವೈರಿಂಗ್‌ನಲ್ಲಿ ನನಗಾದದ್ದು ಹೇಳುತ್ತೇನೆ. ಹಳೆಯ ಗಾಡಿಯಲ್ಲಿ ರೇಡಿಯೇಟರ್ ಫ್ಯಾನಿಗೆ ತನ್ನದೇ ಉಷ್ಣದ ಸ್ವಿಚ್ ಇತ್ತು. ಹೊಸ ಎಂಜಿನ್ನಿನಲ್ಲಿ ನೀರಿನ ಬಿಸಿಯನ್ನು ಸೆನ್ಸಾರ್ ನೋಡಿ ಇಸಿಯುಗೆ ಹೇಳುತ್ತದೆ, ಇಸಿಯು ರಿಲೇ ಮೂಲಕ ಫ್ಯಾನ್ ಹಾಕುತ್ತದೆ. ವೈರಿಂಗ್ ಮಾಡಿದವರು ಆ ಒಂದು ತಂತಿಯನ್ನು ಎಲ್ಲಿಗೂ ಜೋಡಿಸದೆ ಟೇಪ್ ಸುತ್ತಿ ಬಿಟ್ಟಿದ್ದರು. ನಾನೂ ನೋಡಲಿಲ್ಲ. ಎಸಿ ಹಾಕಿದಾಗ ಫ್ಯಾನ್ ಓಡುತ್ತಿತ್ತು, ಹಾಗಾಗಿ ಊರಲ್ಲಿ ಎಲ್ಲ ಸರಿ ಕಾಣುತ್ತಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ವಂಟಮುರಿ ಘಾಟಿನ ಏರಿನಲ್ಲಿ ಲಾರಿಗಳ ಹಿಂದೆ ನಿಧಾನ ಹೋಗುವಾಗ, ಎಂಜಿನ್ನಿಗೆ ಭಾರ ಆಗಬಾರದು ಎಂದು ಎಸಿ ಆರಿಸಿದೆ. ಅಲ್ಲಿಗೆ ಫ್ಯಾನೂ ಆರಿತು. ಮುಳ್ಳು ಕೆಂಪಿಗೆ ಹೋದದ್ದನ್ನು ನಾನು ನೋಡುವ ಹೊತ್ತಿಗೆ ಎಂಜಿನ್ನಿನ ತಲೆಭಾಗಕ್ಕೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಅಲ್ಯೂಮಿನಿಯಂ. ಬಿಚ್ಚಿ, ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದರೆ ಅನುಮತಿ ಇರುವ 0.05 ಮಿಲಿಮೀಟರ್ ಎಲ್ಲಿ, ಅದರ ಮೂರು ಪಟ್ಟು ಬಾಗಿತ್ತು. ಇದೇ ಉದ್ಯಮಬಾಗದಲ್ಲಿ ಸಮ ಮಾಡಿಸಿದೆ. ಅವತ್ತಿನಿಂದ ಯಾರ ಗಾಡಿ ಮುಗಿಸಿದರೂ ಎಸಿ ಆರಿಸಿ, ನಿಂತಲ್ಲೇ ನಿಲ್ಲಿಸಿ, ಫ್ಯಾನ್ ತಾನಾಗಿ ಎರಡು ಸಲ ಹತ್ತಿ ಎರಡು ಸಲ ಆರುವವರೆಗೆ ಎದ್ದುಹೋಗುವುದಿಲ್ಲ.

ಬ್ರೇಕ್. ಕೃಷ್ಣಾ ದಂಡೆಯ ರೈತರಿಗೆ ಇದು ಹೇಳಿಕೊಡಬೇಕಾಗಿಲ್ಲ. ಹೊಸ ಖಿಲಾರಿ ಎತ್ತಿನ ಜೋಡಿ ತಂದವನು ಹಳೆಯ ಬಂಡಿಗೆ ಹೂಡುವ ಮೊದಲು ಬಂಡಿಯ ಅಚ್ಚು, ಕೀಲು ನೋಡುತ್ತಾನೆ. ಗಾಡಿಯ ಓಟದ ಶಕ್ತಿ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿ ಇದ್ದುದಕ್ಕಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚು. ಆ ಶಕ್ತಿಯಷ್ಟನ್ನೂ ಬ್ರೇಕ್ ಬಿಸಿಯಾಗಿ ಕರಗಿಸಬೇಕು. ಎಂಜಿನ್ ಇಳಿಸುವ ಮೊದಲೇ ಹೊಸ ಡಿಸ್ಕ್, ಪ್ಯಾಡ್, ಹಿಂದಿನ ವ್ಹೀಲ್ ಸಿಲಿಂಡರ್, ರಬ್ಬರ್ ಹೋಸ್, ಹೊಸ ಫ್ಲೂಯಿಡ್ ಹಾಕಿ. ದಾನಿ ಗಾಡಿಯ ದೊಡ್ಡ ಡಿಸ್ಕ್ ಹೊಂದುವಂತಿದ್ದರೆ ಅದನ್ನೇ ಹಾಕಿ. ಶಾಕ್ ಅಬ್ಸಾರ್ಬರ್, ಬುಷ್ ಹೊಸದು, ಆದರೆ ಮೂಲದ ಮೆತ್ತಗಿನವೇ. ತಗ್ಗಿಸಿದ ಸ್ಪ್ರಿಂಗ್ ನಮ್ಮ ಮಳೆಗಾಲದ ರಸ್ತೆಗೆ ಆಗುವುದಿಲ್ಲ.

ಇನ್ನು ಕಾಯ್ದೆ. ಇದನ್ನು ಮುಚ್ಚಿಟ್ಟು ಮಾತಾಡುವವರು ನಿಮ್ಮ ಹಿತದವರಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಸೇರಿತು: ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ. ನಾನು ಮಾಡಿಸಿದ್ದು ಅದಕ್ಕೂ ಏಳು ವರ್ಷ ಮೊದಲು, ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿದ್ದೇನೆ. ಇವತ್ತು ಮಾಡುವವರು ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒದಲ್ಲಿ ಲಿಖಿತವಾಗಿ ಕೇಳಿ. ಕೊಡುವುದಿಲ್ಲ ಎಂದರೆ ಮಾಡಬೇಡಿ. ಹೌದು, ಬೇಜಾರಾಗುತ್ತದೆ. ಆದರೆ ಆರ್‌ಸಿಯಲ್ಲಿ ಒಂದು ನಂಬರ್, ಬ್ಲಾಕಿನ ಮೇಲೆ ಇನ್ನೊಂದು ನಂಬರ್ ಇರುವ ಗಾಡಿ ಅಪಘಾತವಾದಾಗ ವಿಮೆ ಕೈಬಿಟ್ಟರೆ, ಗಾಯಗೊಂಡವನ ಮನೆಯವರಿಗೆ ನೀವು ಎಲ್ಲಿಂದ ಕೊಡುತ್ತೀರಿ? ಖಾಸಗಿ ಕಾರಿಗೆ ಹದಿನೈದು ವರ್ಷವಾದ ಮೇಲೆ ಪ್ರತಿ ಐದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಆಗ ಗಾಡಿಯನ್ನು ತಪಾಸಣೆಗೆ ಒಯ್ಯಲೇಬೇಕು. ಅನುಮತಿ ಸಿಗದವರಿಗೆ ಒಂದು ದಾರಿ ಇದೆ: ಇರುವ ಎಂಜಿನ್ನನ್ನೇ ಸರಿಯಾಗಿ ಕಟ್ಟುವುದು. ಸವೆದ 65 ಬಿಎಚ್‌ಪಿ ಎಂಜಿನ್ 50 ಕೂಡ ಕೊಡುತ್ತಿರುವುದಿಲ್ಲ. ಬೋರಿಂಗ್, ಹೊಸ ಪಿಸ್ಟನ್, ವಾಲ್ವ್ ಸೀಟ್ ಕಟಿಂಗ್, ಸರಿಯಾದ ಕಾರ್ಬುರೇಟರ್ ಟ್ಯೂನಿಂಗ್ ಆದರೆ ಹೊಸ ಎಂಜಿನ್ ಹಾಕಿದಿರಾ ಎಂದು ಜನ ಕೇಳುತ್ತಾರೆ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ. ಸ್ವಿಫ್ಟಿನ 1.3 ಡೀಸೆಲ್ ಎಂಜಿನ್ ಹಾಕಿದರೆ ಹೇಗೆ, 190 ನ್ಯೂಟನ್ ಮೀಟರ್ ಇದೆಯಲ್ಲ ಎಂದು ಒಬ್ಬರು ಕೇಳಿದರು. ಟಾರ್ಕ್ ನಿಜ, ಬಿಡಿಭಾಗವೂ ಎಲ್ಲ ಕಡೆ ಸಿಗುತ್ತವೆ, ಯಾಕೆಂದರೆ ಫಿಯೆಟ್ ಮೂಲದ ಆ ಎಂಜಿನ್ ಮಾರುತಿ, ಟಾಟಾ, ಫಿಯೆಟ್ ಮೂರರಲ್ಲೂ ಇತ್ತು. ಆದರೆ ಅದರ ಬ್ಲಾಕ್ ಎರಕದ ಕಬ್ಬಿಣದ್ದು, ನಮ್ಮ ಹಳೆಯ ಸೆಡಾನಿನ ಅಲ್ಯೂಮಿನಿಯಂ ಎಂಜಿನ್ನಿಗಿಂತ ಭಾರ. ಮೂಗು ತಗ್ಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಡೀಸೆಲ್ಲಿನ ಕುಟ್ಟಾಟವನ್ನು ತಡೆಯುವ ಹೊದಿಕೆ ಆ ಗಾಡಿಯ ತೆಳು ತಗಡಿನಲ್ಲಿ ಇಲ್ಲ. ಇಂಧನ ಬದಲಾದರೆ ಕಾಗದದ ಕೆಲಸವೂ ಬೇರೆಯೇ. ಅವ್ವ ನಿದ್ದೆ ಮಾಡುವುದಿಲ್ಲ. ಇತ್ತೀಚಿನ ಟರ್ಬೊ ಪೆಟ್ರೋಲ್ ಎಂಜಿನ್‌ಗಳ ಬಗ್ಗೆ ಹೇಳುವುದಾದರೆ, ಅವುಗಳ ಇಸಿಯು ಎಬಿಎಸ್, ಮೀಟರ್, ಬಾಗಿಲು ಎಲ್ಲದರ ಜೊತೆ ಮಾತಾಡುತ್ತಿರುತ್ತದೆ. ಉತ್ತರ ಕೊಡುವವರು ಇಲ್ಲದಿದ್ದರೆ ಸುಮ್ಮನೆ ಶಕ್ತಿ ಕಡಿಮೆ ಮಾಡಿ ಕುಂಟುವ ಲಿಂಪ್ ಮೋಡಿಗೆ ಹೋಗಿ ಕೂರುತ್ತದೆ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ನಿಂತಿದ್ದ ಗೋಕಾಕ ಕಡೆಯ ಹುಡುಗನದು. ತೀರಿಹೋದ ಅಪ್ಪನ ಕಾಂಟೆಸ್ಸಾ, 1.8 ಇಸುಜು ಎಂಜಿನ್, ಆರು ವರ್ಷದಿಂದ ತೋಟದ ಶೆಡ್ಡಿನಲ್ಲಿದೆ. ಜಪಾನಿನ ಆರು ಸಿಲಿಂಡರ್ ಎಂಜಿನ್ ಹಾಕಿಸಬೇಕೆಂದು ದುಡ್ಡು ಕೂಡಿಟ್ಟಿದ್ದಾನೆ. ಈಗಿನ ಎಂಜಿನ್ ತಿರುಗುತ್ತದೆಯೇ ಎಂದು ಕೇಳಿದೆ. ಗೊತ್ತಿಲ್ಲ ಅಂದ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ಎರಡು ದಿನ ಬಿಡು. ಆಮೇಲೆ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ ನೋಡು. ಬಿಗಿಯಾಗಿದ್ದರೆ ಜೋರು ಮಾಡಬೇಡ, ಹಾಗೇ ಬಿಟ್ಟು ನನಗೆ ಹೇಳು. ತಿರುಗಿದರೆ ಹಳೆಯ ಪೆಟ್ರೋಲ್ ಪೂರ್ತಿ ತೆಗೆದು ಟ್ಯಾಂಕ್ ತೊಳೆ. ಕಂಪ್ರೆಷನ್ ಗೇಜ್ ನನ್ನ ಹತ್ತಿರ ಇದೆ, ಬರುವ ಭಾನುವಾರ ಬೆಳಿಗ್ಗೆ ತಗೊಂಡು ನಿಮ್ಮ ಶೆಡ್ಡಿಗೇ ಬರುತ್ತೇನೆ.